ಮೊಳೆಯಕ್ಕ ಮಾಡಿದ ಸಿಂಹಾಸನ

ಬಾಯಿ ತುಂಬ ಮೊಳೆ ಇಟ್ಟುಕೊಂಡವಳು ಯಾರಿಗೂ ಎದುರು ಮಾತಾಡಲಾರಳು. ಇದು ಅವಳೇ ಕಂಡುಕೊಂಡ ಉಪಾಯ. ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಮೆತ್ತೆ ಕೂರಿಸಿ ಬಟ್ಟೆ ಬಿಗಿಯುವುದು ಅವಳ ಕೆಲಸ. ಎಡಗೈ ಬಟ್ಟೆ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು, ಮೊಳೆ ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲ. ಹಾಗಾಗಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುತ್ತಾಳೆ. ಈಗ ಪಿನ್ನು ಹೊಡೆಯುವ ಗನ್ನು ಬಂದಿದೆ. ಅವಳ ಹತ್ತಿರವೂ ಒಂದು ಇದೆ, ಗೂಡಿನಲ್ಲಿ ಧೂಳು ತಿನ್ನುತ್ತ ಕೂತಿದೆ. ಗನ್ನು ಹಿಡಿದರೆ ಬಾಯಿ ಖಾಲಿ. ಬಾಯಿ ಖಾಲಿಯಾದರೆ ಮಾವನಿಗೆ ಉತ್ತರ ಕೊಡಬೇಕಾಗುತ್ತದೆ, ಉತ್ತರ ಕೊಡಲು ಶುರು ಮಾಡಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಅವಳಿಗೇ ಗೊತ್ತಿಲ್ಲ. ಬೀದಿಯವರು ಅವಳನ್ನು ಮೊಳೆಯಕ್ಕ ಎಂದು ಕರೆಯುತ್ತಾರೆ. ಅವಳಿಗೆ ಆ ಹೆಸರಿನ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಮಾವನ ಬಗ್ಗೆ. ಗಿರಣಿಯೊಂದರಲ್ಲಿ ಮೇಲ್ವಿಚಾರಕರಾಗಿ ಕೆಲಸದವರನ್ನು ಗಡಗಡ ನಡುಗಿಸಿದ ಮನುಷ್ಯ. ನಿವೃತ್ತಿಯಾದ ಮೇಲೆ ನಡುಗಿಸಲು ಮನೆಯವರೇ ಉಳಿದರು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವರದೊಂದು ಕುರ್ಚಿ. ಎತ್ತರದ ಬೆನ್ನು, ದಪ್ಪ ಕೈಗಳು, ಹಲಗೆಯ ಸೀಟು. ಮೆತ್ತೆ ಗಿತ್ತೆ ಎಲ್ಲ ಹೆಂಗಸರಿಗೆ ಎಂದು, ಸೊಸೆಯ ಕಸುಬೇ ಅದಾಗಿದ್ದರೂ, ಒಂದು ತುಂಡು ಬಟ್ಟೆಯನ್ನೂ ಅದಕ್ಕೆ ತಾಗಿಸಗೊಟ್ಟಿರಲಿಲ್ಲ. ಅವರು ಅದರಲ್ಲಿ ಕೂತು ಕೆಮ್ಮಿದರೆ ಊಟ ಬರಬೇಕು, ಎರಡು ಸಲ ಕೆಮ್ಮಿದರೆ ಯಾರೋ ತಪ್ಪು ಮಾಡಿದ್ದಾರೆ ಎಂದು ಅರ್ಥ.

ಮದುವೆಯಾಗಿ ಈ ಮನೆಗೆ ಬಂದ ದಿನ ಅವಳು ಗೊತ್ತಿಲ್ಲದೆ ಆ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಪ್ರಯಾಣ ಮಾಡಿ ಸುಸ್ತಾಗಿತ್ತು, ಖಾಲಿ ಕುರ್ಚಿ ಕಂಡಿತು, ಕೂತಳು. ಮಾವ ನೆಂಟರೆಲ್ಲರ ಎದುರಿಗೆ "ಏಯ್, ಏಳು" ಎಂದರು. ಎದ್ದಳು. ಅವರು ಹೆಗಲ ಮೇಲಿನ ಟವೆಲು ತೆಗೆದು, ಅವಳು ಕೂತ ಜಾಗವನ್ನು ಚೆನ್ನಾಗಿ ಒರೆಸಿ, ಆಮೇಲೆ ತಾವು ಕೂತರು. ಬೈದಿದ್ದರೆ ಅವಳು ಎಂದೋ ಮರೆತಿರುತ್ತಿದ್ದಳು. ಒರೆಸಿದ್ದನ್ನು ಮರೆಯಲಿಲ್ಲ. ಅಂದಿನಿಂದ ಇಂದಿನವರೆಗೂ ಮಾವನ ಬಾಯಲ್ಲಿ ಅವಳ ಹೆಸರು "ಏಯ್".

ಈಗ ಮಾವನಿಗೆ ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿದೆ. ನಾಲಿಗೆ ಅರ್ಧ ತಿರುಗುತ್ತದೆ, ಅರ್ಧ ತಿರುಗುವುದಿಲ್ಲ. ಕೆಮ್ಮುವ ಶಕ್ತಿ ಸಾಲದೆ ಎಡಗೈಗೆ ಒಂದು ಚಮಚ ಬಂದಿದೆ, ಅದರಿಂದ ಕುರ್ಚಿಯ ಕೈಗೆ ಟಣ್ ಟಣ್ ಎಂದು ಬಡಿಯುತ್ತಾರೆ. ಬಡಿದಾಗ ಸೊಸೆ ಓಡಬೇಕು. ಆಸ್ಪತ್ರೆಯವರು ಹೇಳಿದರೆಂದು ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದಿದ್ದಾಯಿತು. "ನಾನು ಅದ್ರಲ್ಲಿ ಕೂರಲ್ಲ" ಎಂದರು. ಕೂರಲಿಲ್ಲ. ಹಟಕ್ಕೆ ಲಕ್ವ ಹೊಡೆಯುವುದಿಲ್ಲ ನೋಡಿ. ತಮ್ಮ ಕುರ್ಚಿಯಲ್ಲೇ ಕೂತಿರುತ್ತಾರೆ, ಸಮಯಕ್ಕೆ ಎಬ್ಬಿಸಿದರೆ ಏಳುವುದಿಲ್ಲ, ಆಮೇಲೆ ಆಗಬಾರದ್ದು ಆಗುತ್ತದೆ. ಒರೆಸುವ ಬಟ್ಟೆ ಅವಳ ಸೊಂಟದಲ್ಲೇ ಸಿಕ್ಕಿಕೊಂಡಿರುತ್ತದೆ. ದಿನವೂ ಅದೇ ಹಲಗೆ ಒರೆಸುತ್ತಾಳೆ, ದಿನವೂ ಆ ಹಳೆಯ ಟವೆಲು ನೆನಪಾಗುತ್ತದೆ, ಮೈಯೆಲ್ಲ ಉರಿಯುತ್ತದೆ.

ಗಂಡ ಲಾರಿ ಓಡಿಸುತ್ತಾನೆ. ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಫೋನಿನಲ್ಲಿ ಮಾತ್ರ ಬಹಳ ಒಳ್ಳೆಯವನು.

"ಅಪ್ಪ ಅಲ್ವೇನೇ, ಸ್ವಲ್ಪ ಸಹಿಸ್ಕೋ" ಎನ್ನುತ್ತಿದ್ದ. ಒಂದು ದಿನ ಅವಳು ಮೊಳೆಗಳನ್ನು ಅಂಗೈಗೆ ಉಗುಳಿ, "ಅಪ್ಪ ನಿಮಗೆ. ನನಗೆ ಏನು?" ಎಂದು ಕೂಗಿದಾಗ ಅವನು ಹೆದರಿದ. ಚರ್ಚಿನ ಪಕ್ಕದಲ್ಲಿ ಸಿಸ್ಟರುಗಳು ನಡೆಸುವ ವೃದ್ಧರ ಮನೆ ಇತ್ತು, ಅಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಬೇಕೋ ಬೇಡವೋ ಹೇಳಬೇಕು, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ. "ನೀನು ಹೇಗೆ ಹೇಳ್ತೀಯೋ ಹಾಗೆ" ಎಂದು ಗಂಡ ಕೈತೊಳೆದುಕೊಂಡ. ಇಷ್ಟು ವರ್ಷದಲ್ಲಿ ಮೊದಲ ಸಲ ಮಾವನ ಹಣೆಬರಹ ಅವಳ ಕೈಗೆ ಬಂದಿತ್ತು. ಕಳಿಸಿಬಿಡುವುದೆಂದು ಅವಳು ಮನಸ್ಸಿನಲ್ಲಿ ತೀರ್ಮಾನಿಸಿಯೂ ಬಿಟ್ಟಿದ್ದಳು.

ಮೊಳೆಯಕ್ಕ ಚರ್ಚಿಗೆ ತಪ್ಪದೆ ಹೋಗುವವಳು. ಆದರೆ ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಒಟ್ಟಾಗಿ ಹೇಳುವ ಪ್ರಾರ್ಥನೆಯಲ್ಲಿ ದೇವರ ರಾಜ್ಯ ಬರಲಿ ಎಂದು ಬೇಡುವ ಒಂದು ಸಾಲಿದೆ. ಆ ಸಾಲು ಬಂದಾಗ ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಒಬ್ಬ ರಾಜ ಇರುವುದೇ ಸಾಕಾಗಿದೆ, ಇನ್ನೊಬ್ಬನನ್ನು ಕೈಮುಗಿದು ಕರೆಯುವುದು ಯಾವ ಬುದ್ಧಿವಂತಿಕೆ? ಅವನೂ ಬಂದು ಎತ್ತರದ ಕುರ್ಚಿಯಲ್ಲಿ ಕೂತು ಕೆಮ್ಮಿದರೆ? ಮುಂದಿನ ಸಾಲಿನಿಂದ ಮತ್ತೆ ಎಲ್ಲರ ಜೊತೆ ಸೇರಿಕೊಳ್ಳುತ್ತಿದ್ದಳು.

ಆ ವಾರವೇ ಚರ್ಚಿನ ದೊಡ್ಡ ಕುರ್ಚಿ ಅವಳ ಮನೆಗೆ ಬಂತು. ಭಾನುವಾರ ಬಿಷಪ್ಪರು ಬರುವವರಿದ್ದರು. ಅವರು ಕೂರಬೇಕಾದ ಕುರ್ಚಿಯ ಸ್ಪ್ರಿಂಗುಗಳು ಸತ್ತು, ತೆಂಗಿನ ನಾರು ಹೊರಗೆ ಇಣುಕುತ್ತಿತ್ತು. ಫಾದರ್ ಕಡುಗೆಂಪು ಮಖಮಲ್ಲು ಕಳಿಸಿದ್ದರು. ಅವಳು ಎಲ್ಲ ಬಿಚ್ಚಿ, ಪಟ್ಟಿ ಎಳೆದು, ಸ್ಪ್ರಿಂಗು ಕಟ್ಟಿ, ಹೊಸ ನಾರು ತುಂಬಿ, ಬಟ್ಟೆ ಬಿಗಿದಳು. ಮಾವ ತಮ್ಮ ಕುರ್ಚಿಯಿಂದಲೇ ಉಸ್ತುವಾರಿ ನಡೆಸಿದರು. "ಅಲ್ಲಿ ಸಡಿಲ." ಟಣ್. "ಇಲ್ಲಿ ಸೊಟ್ಟ." ಟಣ್. ಅವಳ ಬಾಯಲ್ಲಿ ಮೊಳೆ ಇದ್ದುದಕ್ಕೆ ಸರಿಹೋಯಿತು. ಗುರುವಾರದ ಹೊತ್ತಿಗೆ ಅಂಚಿಗೆ ಹೊಡೆಯುವ ಹಿತ್ತಾಳೆಯ ಗುಂಡುಮೊಳೆ ಮಾತ್ರ ಬಾಕಿ. ತರಲು ಅಂಗಡಿಗೆ ಹೋದಳು.

ತಿರುಗಿ ಬಂದು ನೋಡುತ್ತಾಳೆ, ಮಾವ ಬಿಷಪ್ಪರ ಕುರ್ಚಿಯಲ್ಲಿ ಕೂತಿದ್ದಾರೆ. ಗೋಡೆ ಹಿಡಿದು, ಮೇಜು ಹಿಡಿದು, ಕಾಲೆಳೆದುಕೊಂಡು ಅದು ಹೇಗೆ ಅಲ್ಲಿಗೆ ಹೋದರೋ ಆ ದೇವರಿಗೇ ಗೊತ್ತು. ಬೆನ್ನು ನೆಟ್ಟಗೆ, ಗಲ್ಲ ಮೇಲಕ್ಕೆ, ಗಿರಣಿಯ ಕಾಲದ ಅದೇ ಗತ್ತು. ಕೆಳಗೆ ಮಾತ್ರ ಮಖಮಲ್ಲು ನೆನೆದು, ನಾರು ನೆನೆದು, ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಯಾಕೆ ಮಾವ? ಯಾಕೆ ಹೀಗೆ ಮಾಡಿದ್ರಿ?"

"ನೋಡ್ದೆ... ಚೆನ್ನಾಗಿದ್ಯಾ ಅಂತ" ಎಂದರು ಮಾವ. ಸ್ವಲ್ಪ ತಡೆದು, "ಒಂದು ಮೊಳೆ ಸೊಟ್ಟಗಿದೆ" ಎಂದೂ ಸೇರಿಸಿದರು.

ಅವಳ ತಲೆ ಕೆಟ್ಟುಹೋಯಿತು. ಪಕ್ಕದ ಇಸ್ತ್ರಿ ಅಂಗಡಿಯವನನ್ನು ಕರೆದು ಮಾವನನ್ನು ಎತ್ತಿಸಿ, ತೊಳೆಸಿ, ಮಂಚದ ಮೇಲೆ ಕೂರಿಸಿದಳು. ಆಮೇಲೆ ಮಾವನ ಕುರ್ಚಿಯನ್ನು ಎಳೆದು ತಂದು ಮೇಜಿನ ಮೇಲೆ ಬೋರಲು ಹಾಕಿ, ಸೀಟಿನ ಹಲಗೆಗೆ ಗರಗಸ ಇಟ್ಟಳು.

"ನನ್ನ ಕುರ್ಚಿ!" ಎಂದು ಮಾವ ಮಂಚದಿಂದ ಕೂಗಿದರು. ಚಮಚ ಬಡಿದರು. ಅವಳ ಬಾಯಲ್ಲಿ ಆಗ ಮೊಳೆ ಇರಲಿಲ್ಲ, ಆದರೂ ಉತ್ತರ ಕೊಡಲಿಲ್ಲ. ಹಲಗೆಯ ನಡುವೆ ದುಂಡಗೆ ತೂತು ಕೊರೆದಳು. ಕೆಳಗೆ ಎರಡು ಪಟ್ಟಿ ಹೊಡೆದು ಒಂದು ಬೋಗುಣಿ ಸರಿದಾಡುವಂತೆ ಮಾಡಿದಳು. ತೂತಿನ ಸುತ್ತ ಮೆತ್ತೆಯಿಟ್ಟು, ನೀರು ಹಿಡಿಯದ ಕಂದು ರೆಕ್ಸಿನ್ನನ್ನು ಎಲ್ಲಿಯೂ ಒಂದು ನೆರಿಗೆ ಬೀಳದ ಹಾಗೆ ಬಿಗಿದಳು. ಕೆಲಸ ಅಷ್ಟಕ್ಕೇ ಮುಗಿದಿತ್ತು. ಆದರೆ ಸಿಟ್ಟು ಮುಗಿದಿರಲಿಲ್ಲ. ಚರ್ಚಿನ ಮಖಮಲ್ಲು ಒಂದಿಷ್ಟು ಮಿಕ್ಕಿತ್ತು. ಅದನ್ನು ತಂದು ಕುರ್ಚಿಯ ಬೆನ್ನಿಗೂ ಕೈಗಳಿಗೂ ಹೊದಿಸಿ, ಹೊಸ ಹಿತ್ತಾಳೆ ಮೊಳೆಗಳನ್ನು ಸಾಲಾಗಿ ಹೊಡೆದು, ಕುರ್ಚಿಯನ್ನು ಕಿಟಕಿಯ ಪಕ್ಕ ಇಟ್ಟಳು. ಇಸ್ತ್ರಿಯವನು ಮಾವನನ್ನು ಎತ್ತಿ ತಂದಾಗ ಅವಳು ಒಂದು ಮೊಣಕಾಲೂರಿ, ಕೈಚಾಚಿ ಬಾಗಿದಳು.

"ದಯಮಾಡಿಸಬೇಕು ಮಹಾರಾಜರು. ಸಿಂಹಾಸನ ಸಿದ್ಧವಾಗಿದೆ."

ಇಸ್ತ್ರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಬೆಳಗಾದ್ರೆ ರಾಜದರ್ಬಾರೇ ಬಿಡಿ!" ಎಂದ. ಮಾವ ನಗಲಿಲ್ಲ, ಬಯ್ಯಲೂ ಇಲ್ಲ. ಕೂತರು. ಕೆಳತುಟಿ ಸಣ್ಣಗೆ ನಡುಗಿತು. ಅದನ್ನು ಕಂಡು ಅವಳಿಗೆ ಒಂದು ಕ್ಷಣ ಹಿತವೆನಿಸಿತು, ಮರುಕ್ಷಣವೇ ಎದ್ದು ಮುಖ ತಿರುಗಿಸಿಕೊಂಡಳು. ಆ ಹಿತದ ರುಚಿ ಎಂಥದೆಂದು ಅವಳಿಗೆ ಗೊತ್ತಿತ್ತು. ನೆಂಟರ ಎದುರು ಟವೆಲು ಹಿಡಿದಿದ್ದ ಮನುಷ್ಯನಿಗೂ ಅವತ್ತು ಇದೇ ರುಚಿ ಸಿಕ್ಕಿರಬೇಕು.

ಮರುದಿನ ಒರೆಸುವ ಕೆಲಸ ಇರಲಿಲ್ಲ. ಬದಲಿಗೆ ಬೇರೊಂದು ತಲೆನೋವು ಎದುರಿಗೆ ಬಂದು ನಿಂತಿತು. ಬಿಷಪ್ಪರ ಕುರ್ಚಿಯ ಸೀಟು ಬಿಚ್ಚಿ ತೊಳೆದರೆ ಮಖಮಲ್ಲಿನ ನವಿರು ಮಲಗಿಹೋಯಿತು, ಕಲೆ ಉಂಗುರದ ಹಾಗೆ ಉಳಿಯಿತು. ಹೊಸ ತುಂಡು ಹಾಕಲೇಬೇಕು. ಅಂಗಡಿಯವನು ಆ ಬಣ್ಣ ಮುಗಿದಿದೆ, ಬರಲು ತಿಂಗಳಾಗುತ್ತದೆ ಎಂದ. ಸೀಟಿಗೆ ಸರಿಯಾಗಿ ಸಾಕಾಗುವಷ್ಟು ಬಟ್ಟೆಯನ್ನು ಸಿಟ್ಟಿನ ಭರದಲ್ಲಿ ಅವಳೇ ಮಾವನ ಕುರ್ಚಿಗೆ ಹೊಡೆದಿದ್ದಳು. ತನ್ನ ತಲೆಗೆ ತಾನೇ ಸುತ್ತಿಗೆಯಲ್ಲಿ ಹೊಡೆದುಕೊಳ್ಳುವಷ್ಟು ಕೋಪ ಬಂತು. ಮಾಡುವುದೇನು? ಅಲ್ಲಿಂದ ಕಿತ್ತು ಇಲ್ಲಿಗೆ ಹಾಕಬೇಕು. ಹೇಗೂ ಭಾನುವಾರ ಮುದುಕರು ಸಿಸ್ಟರುಗಳ ಮನೆಗೆ ಹೋಗುವವರು, ಅವರಿಗೆ ಮಖಮಲ್ಲು ಯಾಕೆ?

ಶನಿವಾರ ಮಧ್ಯಾಹ್ನ ಮಾವನನ್ನು ಒಳಕೋಣೆಯಲ್ಲಿ ಮಲಗಿಸಿ, ಇಕ್ಕಳ ಹಿಡಿದು ಆ ಕುರ್ಚಿಯ ಮುಂದೆ ಕೂತಳು. ಮೊದಲನೆಯ ಹಿತ್ತಾಳೆ ಮೊಳೆಗೆ ಇಕ್ಕಳ ಹಾಕುವ ಹೊತ್ತಿಗೆ ಬಾಗಿಲಲ್ಲಿ ಫಾದರ್ ನಿಂತಿದ್ದರು. ಬಿಷಪ್ಪರು ಬರುವ ಗಡಿಬಿಡಿಯಲ್ಲಿ ಅವರ ಮುಖ ಬೆವೆತು ಕೆಂಪಾಗಿತ್ತು. ಚರ್ಚಿನ ಕುರ್ಚಿ ಏನಾಯಿತೆಂದು ಕೇಳಲು ಬಂದವರು ಮಾವನ ಕುರ್ಚಿಯನ್ನು ಕಂಡು ಅಲ್ಲೇ ನಿಂತುಬಿಟ್ಟರು. ಮಖಮಲ್ಲಿನ ಬೆನ್ನು ನೋಡಿದರು, ಕೆಳಗಿನ ಬೋಗುಣಿ ನೋಡಿದರು.

"ಎಷ್ಟೋ ಮನೆ ನೋಡಿದ್ದೀನಮ್ಮ. ಮುದುಕರನ್ನ ಹಿಂದಿನ ಮೂಲೆಗೆ ಹಾಕಿರ್ತಾರೆ. ನೀನು ಇಂಥ ಕೆಲಸದ ಕುರ್ಚಿಗೂ ಮಖಮಲ್ಲು ಹೊದಿಸಿದ್ದೀಯಲ್ಲ! ಮಾವನಿಗೆ ಎಂಥ ಮರ್ಯಾದೆ!"

ಹೊಗಳಿಕೆ ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು. "ಮರ್ಯಾದೆನೂ ಇಲ್ಲ ಮಣ್ಣೂ ಇಲ್ಲ ಫಾದರ್. ಗೇಲಿ ಮಾಡೋಕೆ ಹೊದಿಸಿದ್ದು" ಎಂದಳು. ಬಾಯಲ್ಲಿ ಮೊಳೆ ಇರಲಿಲ್ಲವಲ್ಲ, ಎಲ್ಲವೂ ಬಂತು. ಒದ್ದೆಯಾದ ಕುರ್ಚಿ, ಮೊಣಕಾಲೂರಿದ್ದು, ಹಳೆಯ ಟವೆಲು, ಸಿಸ್ಟರುಗಳ ಹಾಸಿಗೆ, ಕೊನೆಗೆ ಪ್ರಾರ್ಥನೆಯ ಆ ಸಾಲು ಕೂಡ. "ರಾಜ ರಾಜ ಅಂತ ಹಾಡ್ತೀರಲ್ಲ, ರಾಜ ಅಂದ್ರೆ ಏನು ಅಂತ ನನಗೆ ಗೊತ್ತು ಫಾದರ್. ದಿನಾ ಬೆಳಗ್ಗೆ ನಾನೇ ತೊಳೀತೀನಿ."

ಫಾದರ್ ನಾರಿನ ಮೂಟೆಯ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದರು. "ನಮ್ಮ ರಾಜನಿಗೂ ಗೇಲಿಗೇ ಕೆಂಪು ಬಟ್ಟೆ ಹೊದಿಸಿದ್ದಮ್ಮ. ಶಿಲುಬೆಗೆ ಏರಿಸೋ ಮುಂಚೆ ಸಿಪಾಯಿಗಳು ಮುಳ್ಳಿನ ಕಿರೀಟ ಇಟ್ಟು, ಎದುರಿಗೆ ಮೊಣಕಾಲೂರಿ ನಕ್ಕರು. ಅವನಿಗೆ ಸಿಕ್ಕಿದ ಪಟ್ಟಾಭಿಷೇಕ ಅದೊಂದೇ."

"ಹಾಗಾದ್ರೆ ನಾನು ಸಿಪಾಯಿ ಅಂತೀರಾ?"

"ನಾನು ಹಾಗೆ ಹೇಳಲಿಲ್ಲ."

"ಹೇಳಿದ್ರಿ! ಇಷ್ಟು ವರ್ಷ ಬಗ್ಗಿ ಬಗ್ಗಿ ಒರೆಸಿದವಳೂ ನಾನೇ, ಈಗ ಸಿಪಾಯಿನೂ ನಾನೇನಾ? ಚೆನ್ನಾಗಿದೆ ನಿಮ್ಮ ನ್ಯಾಯ!"

ಫಾದರ್ ಕೋಪಿಸಿಕೊಳ್ಳಲಿಲ್ಲ. ಅವಳ ಸೊಂಟದ ಒರೆಸುವ ಬಟ್ಟೆಯನ್ನು ಬೆರಳಿನಿಂದ ತೋರಿಸಿದರು. "ಸಿಪಾಯಿಗಳನ್ನೂ ಅವನು ಕ್ಷಮಿಸಿಬಿಟ್ಟ, ಆ ಮಾತು ಬಿಡು. ಹಿಂದಿನ ರಾತ್ರಿ ಅವನು ಏನು ಮಾಡಿದ ಹೇಳು. ನಿನ್ನ ಹಾಗೇ ಸೊಂಟಕ್ಕೆ ಬಟ್ಟೆ ಸಿಕ್ಕಿಸ್ಕೊಂಡು, ಬೋಗುಣಿ ಇಟ್ಕೊಂಡು, ಶಿಷ್ಯರ ಕಾಲು ತೊಳೆದ. ಅದೇ ರಾತ್ರಿ ತನ್ನನ್ನ ಬಿಟ್ಟು ಓಡೋರು ಅಂತ ಗೊತ್ತಿದ್ದೂ ತೊಳೆದ. ನೀನು ತಪ್ಪು ತಿಳ್ಕೊಂಡಿದ್ದೀಯ. ನಾವು ಬಾ ಅಂತ ಕರೆಯೋ ರಾಜ ನಿನ್ನ ಮಾವನ ಥರದವನಲ್ಲ. ನಿನ್ನ ಥರದವನು. ಅವನು ಈ ಮನೆಗೆ ಬಂದ್ರೆ ಕುರ್ಚಿ ಕೇಳಲ್ಲ. ಆ ಬಟ್ಟೆ ಇತ್ತ ಕೊಡು, ನೀನು ಸ್ವಲ್ಪ ಕೂತ್ಕೋ ಅಂತಾನೆ."

ಅವಳ ಕೈ ಸೊಂಟದ ಬಟ್ಟೆಗೆ ಹೋಯಿತು. ಅವಳಿಗೆ ಸ್ವಲ್ಪ ಕೂತ್ಕೋ ಎಂದು ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಒಳಕೋಣೆಯಿಂದ ಟಣ್ ಟಣ್ ಕೇಳಿಸಿತು. ಬಾಗಿಲು ತೆರೆದೇ ಇತ್ತು, ಮಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಕಿತ್ತು ಕೊಡು" ಎಂದು ತೊದಲಿದರು. "ಬಿಷಪ್ಪರಿಗೆ ಹಾಕು. ನಂಗ್ಯಾಕೆ?"

ಮಾವ ತಮ್ಮದನ್ನು ಬಿಟ್ಟುಕೊಟ್ಟದ್ದನ್ನು ಅವಳು ಅವತ್ತಿನವರೆಗೆ ಕಂಡಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಬಿಟ್ಟುಕೊಡುವುದಿದ್ದರೆ ಹತ್ತು ವರ್ಷ ಮೊದಲೇ ಬಿಟ್ಟುಕೊಡಬಹುದಿತ್ತಲ್ಲ, ಕಳಿಸಲು ತೀರ್ಮಾನ ಮಾಡಿದ ಮೇಲೆಯೇ ಆಗಬೇಕಿತ್ತೇ!

"ನೀವು ಸುಮ್ನಿರಿ ಮಾವ. ನನ್ನ ಕೆಲಸ ನನಗೆ ಗೊತ್ತು" ಎಂದು ಒಳಗೆ ಕೂಗಿ ಹೇಳಿ, ಇಕ್ಕಳವನ್ನು ಪೆಟ್ಟಿಗೆಗೆ ಎಸೆದಳು. "ಆ ಕುರ್ಚಿಗೆ ಹೊಡೆದ ಮೊಳೆ ನಾನು ಕೀಳಲ್ಲ ಫಾದರ್."

"ಹಾಗಾದ್ರೆ ಬಿಷಪ್ಪರು?" ಫಾದರ್ ಗಾಬರಿಯಿಂದ ಎದ್ದು ನಿಂತರು. ಸಿದ್ಧಾಂತ ಹೇಳುವಾಗ ಇದ್ದ ಧೈರ್ಯ ಬಿಷಪ್ಪರ ಹೆಸರು ಬಂದ ಕೂಡಲೇ ಅರ್ಧ ಇಳಿದಿತ್ತು.

"ರೆಕ್ಸಿನ್ ಮಿಕ್ಕಿದೆ. ಸೀಟಿಗೆ ಅದನ್ನೇ ಹಾಕ್ತೀನಿ. ಅವರ ರಾಜ ಬೋಗುಣಿ ಹಿಡಿದಿದ್ದ ಅಂತ ಈಗ ತಾನೇ ನೀವೇ ಹೇಳಿದ್ರಲ್ಲ? ರೆಕ್ಸಿನ್ ಮೇಲೆ ಕೂತ್ರೆ ಬಿಷಪ್ಪರಿಗೇನು?"

ಫಾದರ್ ಬಿಷಪ್ಪರ ಕುರ್ಚಿಯನ್ನೂ ಮಾವನ ಕುರ್ಚಿಯನ್ನೂ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ನಗುತ್ತಲೇ ಬೀದಿಗೆ ಇಳಿದರು.

ಸಂಜೆ ಮಾವನನ್ನು ಆ ಕುರ್ಚಿಯಲ್ಲಿ ಕೂರಿಸಿ, ಅವಳು ಬಾಯಿಗೆ ಮೊಳೆ ಹಾಕಿಕೊಂಡು ಬಿಷಪ್ಪರ ಕುರ್ಚಿಗೆ ರೆಕ್ಸಿನ್ ಬಿಗಿಯುತ್ತಿದ್ದಳು. ಹಿಂದಿನಿಂದ ಮಾವ ಮಾತಾಡಿದರು. ಒಂದೊಂದೇ ಶಬ್ದ, ನಡುನಡುವೆ ದೊಡ್ಡ ದೊಡ್ಡ ಬಿಡುವು.

"ಗೇಲಿ ಅಂತ... ಅವತ್ತೇ ಗೊತ್ತಾಯ್ತು."

ಅವಳ ಸುತ್ತಿಗೆ ನಿಂತಿತು.

"ಆದ್ರೂ ಮೆತ್ತಗಿದೆ. ಅಂಚು... ಎಲ್ಲೂ ಚುಚ್ಚಲ್ಲ."

ಅವಳು ತಿರುಗಿ ನೋಡಲಿಲ್ಲ. ನಿಜವೇ, ಅಷ್ಟು ಸಿಟ್ಟಿನಲ್ಲೂ ಅವಳು ಅಂಚಿಗೆ ಎರಡು ಪದರ ಮೆತ್ತೆ ಹಾಕಿದ್ದಳು, ಚರ್ಮ ಒತ್ತದಿರಲಿ ಎಂದು. ಮನಸ್ಸು ಗೇಲಿ ಮಾಡುತ್ತಿದ್ದಾಗ ಕೈ ಯಾರನ್ನೂ ಕೇಳದೆ ಬೇರೆಯೇ ಕೆಲಸ ಮಾಡಿತ್ತು. ಅದು ಅವಳಿಗೆ ಈಗ ತಿಳಿಯಿತು. ಬಾಯಲ್ಲಿ ಮೊಳೆ ಇತ್ತು, ಕಣ್ಣಲ್ಲಿ ನೀರು ಬಂತು, ಮೂಗು ಕಟ್ಟಿತು. ಮೊಳೆ ನುಂಗಿಬಿಟ್ಟೇನೆಂದು ಹೆದರಿ ಎಲ್ಲವನ್ನೂ ಅಂಗೈಗೆ ಉಗುಳಿಕೊಂಡಳು.

ಭಾನುವಾರ ಬಿಷಪ್ಪರು ರೆಕ್ಸಿನ್ನಿನ ಮೇಲೆ ಕೂತರು. ಕೂತು ಎರಡು ಸಲ ಸಣ್ಣಗೆ ಅಲುಗಾಡಿ ನೋಡಿ, ಆರಾಮಾಗಿ ಒರಗಿಕೊಂಡರು. ಫಾದರ್ ಮೊಳೆಯಕ್ಕನ ಕಡೆ ನೋಡದಿರಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರಾರ್ಥನೆಯ ಆ ಸಾಲು ಬಂದಾಗ ಅವಳು ಅಭ್ಯಾಸದಂತೆ ಬಾಯಿ ಮುಚ್ಚಿದಳು. ಆದರೆ ಈ ಸಲ ಮುಚ್ಚಿದ್ದು ಬೇರೆ ಕಾರಣಕ್ಕೆ. ಅಂಥ ರಾಜ ನಿಜವಾಗಿ ಬಂದರೆ ಎಂಬ ಆಸೆ ಎಷ್ಟು ಜೋರಾಗಿ ನುಗ್ಗಿತೆಂದರೆ, ಹೇಳಲು ಹೋದರೆ ಎಲ್ಲರೆದುರು ಅತ್ತುಬಿಡುತ್ತಿದ್ದಳು.

ಪೂಜೆ ಮುಗಿದ ಮೇಲೆ ಸಿಸ್ಟರ್ ಬಂದು ಕೇಳಿದರು. "ಹಾಸಿಗೆ ಬೇರೆಯವರಿಗೆ ಕೊಡಿ ಸಿಸ್ಟರ್" ಎಂದಳು. ಹೇಳಿದ ಕೂಡಲೇ ಬೋಗುಣಿ, ಚಮಚ ಎಲ್ಲ ಕಣ್ಣ ಮುಂದೆ ಬಂದವು. ಅಲ್ಲೇ ಚರ್ಚಿನ ಮೆಟ್ಟಿಲ ಮೇಲೆ ನಿಂತು ಗಂಡನಿಗೆ ಫೋನು ಮಾಡಿದಳು.

"ಮಾವ ಮನೇಲೇ ಇರ್ತಾರೆ. ಆದ್ರೆ ಇನ್ನು ಮೇಲೆ ಅರ್ಧ ತಿಂಗಳು ನೀವೂ ಮನೇಲಿ ಇರ್ತೀರಿ. ಬೋಗುಣಿ ನೀವು ತೊಳೀತೀರಿ."

"ಅಯ್ಯೋ, ಲಾರಿ ಯಾರೇ ನೋಡ್ಕೊಳ್ಳೋದು?"

"ಲಾರಿ ಏನು ನಿಮ್ಮಪ್ಪನಾ? ನಾನು ಹೇಗೆ ಹೇಳ್ತೀನೋ ಹಾಗೆ ಅಂದವರು ನೀವೇ. ಈಗ ಹೇಳಿದ್ದೀನಿ."

ಮನೆಗೆ ಬಂದಾಗ ಮಾವ ಕಿಟಕಿಯ ಪಕ್ಕ ಕೂತಿದ್ದರು. ಕಾಯಲು ಕೂತಿದ್ದ ಇಸ್ತ್ರಿಯವನು ಎದ್ದುಹೋದ. "ಬಿಷಪ್ಪರು... ಎಲ್ಲಿ ಕೂತ್ರು?" ಎಂದರು ಮಾವ.

"ರೆಕ್ಸಿನ್ ಮೇಲೆ. ಒರಗಿಕೊಂಡು ಕೂತ್ರು."

ಮಾವನ ಬಾಯಿಯ ಒಂದು ಬದಿ ಮಾತ್ರ ಮೇಲಕ್ಕೆ ಹೋಯಿತು. ನಗುವೆಂದೇ ಅವಳು ತಿಳಿದಳು. "ಹಾಸಿಗೆ ಬೇಡ ಅಂದೆ" ಎಂದಳು ಒರಟಾಗಿ. ಮಾವ ಎಡಗೈಯ ಚಮಚವನ್ನು ತೊಡೆಯ ಮೇಲಿಟ್ಟು, ಹೆಗಲ ಮೇಲಿನ ಟವೆಲನ್ನು ಎಳೆದುಕೊಂಡರು. ಪಕ್ಕದಲ್ಲಿ ಅವಳು ಕೆಲಸಕ್ಕೆ ಇಟ್ಟುಕೊಳ್ಳುವ ಗಿಡ್ಡ ಸ್ಟೂಲು ಇತ್ತು, ಅದರ ತುಂಬ ನಾರಿನ ಧೂಳು. ಮಾವ ಬಗ್ಗಿದರು. ಬೀಳುತ್ತಾರೆಂದು ಅವಳು ಓಡಿ ಬರುವಷ್ಟರಲ್ಲಿ, ಎಡಗೈಯಿಂದಲೇ ಆ ಸ್ಟೂಲನ್ನು ಮೂಲೆ ಮೂಲೆ ಬಿಡದೆ ಒರೆಸಿದರು. ಒರೆಸಿ, ಅದರ ಮೇಲೆ ಮೆಲ್ಲಗೆ ತಟ್ಟಿದರು.

"ಕೂತ್ಕೋಮ್ಮ."

ಅವಳು ಕೂತಳು. ಭಾನುವಾರ ಚರ್ಚಿಗೆ ಹೋಗಲಾರದ ಮಾವ ಮನೆಯಲ್ಲೇ ಹೇಳಿಕೊಳ್ಳುವ ಅದೇ ಪ್ರಾರ್ಥನೆಯನ್ನು ತೊದಲುತ್ತ ಶುರು ಮಾಡಿದರು. ಮೊದಲ ಮಾತುಗಳು ಹೇಗೋ ದಾಟಿದವು. ಆ ಸಾಲಿಗೆ ಬಂದಾಗ ನಾಲಿಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಹೊರಟರು, ಮತ್ತೆ ಅಲ್ಲೇ ನಿಂತಿತು. ಅಸಹಾಯಕರಾಗಿ ಸೊಸೆಯ ಮುಖ ನೋಡಿದರು, ಕೈ ಚಮಚಕ್ಕೆ ಹೋಗಲಿಲ್ಲ.

ಮೊಳೆಯಕ್ಕ ಗಂಟಲು ಸರಿಮಾಡಿಕೊಂಡಳು. ಬಾಯಲ್ಲಿ ಒಂದೂ ಮೊಳೆ ಇರಲಿಲ್ಲ. ರಾಜ್ಯ ಬರಲಿ ಎಂಬ ಆ ಸಾಲನ್ನು ಇಬ್ಬರ ಪರವಾಗಿ ಅವಳೇ ಹೇಳಿದಳು.